ಲಾಕ್‌ಡೌನ್‌ನಲ್ಲಿ ಶುರುವಾದ ಮನೆ ಅಡುಗೆ ನಿಮ್ಮಲ್ಲಿ ಉಳಿದಿದೆಯಾ?

ಸೊಪ್ಪಿನ ಬುಟ್ಟಿ:

ಬೆಂಗಳೂರಿನಲ್ಲಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುವವರು. 2020ರ ಮಾರ್ಚ್‌ಗೆ ಮುಂಚೆ ಬೆಳಗ್ಗೆ ದರ್ಶಿನಿಯಲ್ಲಿ ಇಡ್ಲಿ, ವಾರದಲ್ಲಿ ಮೂರು ನಾಲ್ಕು ರಾತ್ರಿ ಹೊರಗಿನ ಊಟ. ಲಾಕ್‌ಡೌನ್ ಆಯಿತು, ಹೋಟೆಲ್ ಮುಚ್ಚಿದವು, ಅಡುಗೆಯವರು ಬರುವ ಹಾಗಿರಲಿಲ್ಲ. ಮಂಡ್ಯದಿಂದ ನಾಲ್ಕು ದಿನಕ್ಕೆ ಅಂತ ಬಂದಿದ್ದ ಅತ್ತೆ ನಮ್ಮ ಜೊತೆಯೇ ಉಳಿದುಬಿಟ್ಟರು. ನಾನು ಬಸ್ಸಾರು ಕಲಿತಿದ್ದು ಆಗ. ದಂಟಿನ ಸೊಪ್ಪು, ತೊಗರಿಬೇಳೆ ಒಟ್ಟಿಗೆ ಬೇಯಿಸಿ ಕಟ್ಟು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಬಸಿದು ಉಳಿದಿದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ, ಚೆಲ್ಲುವುದು ಏನೂ ಇಲ್ಲ. ಮೂರು ವರ್ಷದ ಮಗಳು ಆ ಪಲ್ಯವನ್ನು ಬೆರಳಲ್ಲಿ ಹೆಕ್ಕಿ ಹೆಕ್ಕಿ ತಿನ್ನುತ್ತಿದ್ದಳು.

ಈಗ ಆಫೀಸು ಮೊದಲಿನ ಹಾಗೆ, ಅತ್ತೆ ಊರಲ್ಲಿದ್ದಾರೆ. ಕಳೆದ ತಿಂಗಳು ಲೆಕ್ಕ ಹಾಕಿದೆ, ಆ್ಯಪ್‌ನಿಂದ ಹದಿನಾಲ್ಕು ಸಲ ಊಟ ತರಿಸಿದ್ದೇವೆ. ಮಗಳು ಸೊಪ್ಪು ಕಂಡರೆ ತಟ್ಟೆ ತಳ್ಳುತ್ತಾಳೆ. ಮನಸ್ಸಿಗೆ ಸಂಕಟ ಆಗುತ್ತದೆ. ನಿಮ್ಮ ಮನೆಗಳಲ್ಲಿ ಏನು ಉಳಿಯಿತು, ಹೇಗೆ ಉಳಿಸಿಕೊಂಡಿರಿ?

ಧಾರವಾಡದಾಕಿ:

ಅಕ್ಕಾ, ನಮ್ಮಲ್ಲಿ ಉಳಿದಿದೆ, ಯಾಕೆಂದರೆ ನಾನೊಬ್ಬಳೇ ಮಾಡುತ್ತಿಲ್ಲ. ಆ ವರ್ಷ ಮಗನ ಎಸೆಸೆಲ್ಸಿ ಪರೀಕ್ಷೆ ಜೂನ್ ಕೊನೆಗೆ ಹೋಯಿತು, ಹುಡುಗ ಎಷ್ಟು ಹೊತ್ತು ಪುಸ್ತಕ ಹಿಡಿದು ಕೂರಬೇಕು? ನನ್ನ ಪಕ್ಕ ಕೂತು ಜೋಳದ ರೊಟ್ಟಿ ಬಡಿಯಲು ಶುರು ಮಾಡಿದ. ಮೊದಲ ವಾರ ಎಲ್ಲಾ ಅಂಚು ಒಡೆದವು. ಆಮೇಲೆ ಕೈ ಕೂತಿತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದಾಗ ಮೊದಲ ಸಲ ರೊಟ್ಟಿ ಪೂರ್ತಿ ಉಬ್ಬಿತು ನೋಡಿ, ಅವರಪ್ಪನನ್ನು ಕೂಗಿ ಕರೆದು ತೋರಿಸಿದ. ಈಗ ಹಾಸ್ಟೆಲ್‌ನಿಂದ ಬಂದರೆ ರೊಟ್ಟಿ ಅವನದೇ. ಮನೆಯವರು ಕಾಳು ನೆನೆಹಾಕುವುದು, ಕಾಯಿಪಲ್ಲೆ ಹೆಚ್ಚುವುದು ಬಿಟ್ಟಿಲ್ಲ. ಅತ್ತೆ ಮಾಡುತ್ತಿದ್ದ ಕೆಲಸವನ್ನೆಲ್ಲ ನೀವೊಬ್ಬರೇ ಮಾಡಬೇಕು ಅಂದರೆ ಆಗುವುದಿಲ್ಲ, ಅದು ನಿಮ್ಮ ತಪ್ಪಲ್ಲ.

ಸುಸ್ತಾದ ರಾತ್ರಿಗೆ ಅಂತ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಿಮ್ಮ ಕಡೆಯ ಚಟ್ನಿಪುಡಿ) ಯಾವಾಗಲೂ ಇಟ್ಟುಕೊಂಡಿರಿ. ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆ ಊಟ ಆಗುತ್ತದೆ.

ರಾತ್ರಿ ಪಾಳಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಮನೆಯಲ್ಲೇ ಮಾಡಿದ್ದು ಅಂದ ಮಾತ್ರಕ್ಕೆ ಆರೋಗ್ಯದ ಊಟ ಆಗಲ್ಲ. ಆಗ ನಮ್ಮಲ್ಲಿ ಸಂಜೆ ನಾಲ್ಕಕ್ಕೆ ದಿನಾ ಬೋಂಡಾ ಇಲ್ಲ ಬಜ್ಜಿ, ಯೂಟ್ಯೂಬ್ ನೋಡಿಕೊಂಡು ಕುಕ್ಕರ್‌ನಲ್ಲಿ ಕೇಕು, ಸಕ್ಕರೆ ಸುರಿದು ನೊರೆ ಬರಿಸುವ ಡಲ್ಗೋನಾ ಕಾಫಿ. ವರ್ಷದಲ್ಲಿ ನನ್ನ ತೂಕ ಒಂಬತ್ತು ಕೆಜಿ ಏರಿತು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಳತೆ) 6.1 ಬಂತು, 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಕಷಾಯದ ಕಥೆಯೂ ಹಾಗೇ. ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿ ದಿನಕ್ಕೆ ಒಂದೆರಡು ಸಲ ಕುಡಿಯಿರಿ ಅಂದಿತ್ತು. ಅಪ್ಪ ಕೊರೊನಾ ಭಯಕ್ಕೆ ಐದಾರು ಸಲ ಕುಡಿದು ಎದೆಯುರಿ ಮಾಡಿಕೊಂಡರು, ಡಾಕ್ಟರ್ ಕೊನೆಗೆ ನಿಲ್ಲಿಸಿ ಅಂದರು.

ನನ್ನಲ್ಲಿ ಉಳಿದಿದ್ದು ಅಳತೆ. ಒಂದನೇ ತಾರೀಕು ಮೂವರಿಗೆ ಒಂದೂವರೆ ಲೀಟರ್ ಎಣ್ಣೆ ಬೇರೆ ಡಬ್ಬಿಗೆ ಹಾಕುತ್ತೇವೆ, ತಿಂಗಳಿಗೆ ಅಷ್ಟೇ. ರಾಗಿಯಲ್ಲಿ ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಂತ ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಇಳಿಯಲ್ಲ. ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು ಕಾಳು. ಹೋದ ಸಲ ಎಚ್‌ಬಿಎ1ಸಿ 5.6 ಇತ್ತು.

ಮಾಲೂರು ತೋಟ:

ನಾನು ಬೆಳೆಯುವವನು, ಆ ಕಡೆಯಿಂದ ಹೇಳುತ್ತೇನೆ. 2020ರ ಏಪ್ರಿಲ್‌ನಲ್ಲಿ ಸೊಪ್ಪು, ಟೊಮೆಟೊ ಕೊಳ್ಳುವವರಿಲ್ಲದೆ ತೋಟದಲ್ಲೇ ಕೊಳೆಯುತ್ತಿತ್ತು. ಕಣ್ಣಾರೆ ನೋಡಲು ಆಗುತ್ತಿರಲಿಲ್ಲ. ಪಾಸ್ ಮಾಡಿಸಿಕೊಂಡು ಗಾಡಿಯಲ್ಲಿ ತುಂಬಿಕೊಂಡು ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್ ಗೇಟಿಗೆ ಹೋದೆ. ಅರವತ್ತು ಮನೆಯವರು ತಗೊಂಡರು. ಆಮೇಲಿನ ವರ್ಷದ ಲಾಕ್‌ಡೌನ್‌ನಲ್ಲಿ ಅಂಗಡಿಗೆ ಬೆಳಗ್ಗೆ ಆರರಿಂದ ಹತ್ತು ಅಂತ ಹೊತ್ತು ಇಟ್ಟಾಗಲೂ ಅಷ್ಟೇ ಜನ. ಈಗ ಹನ್ನೊಂದು ಮನೆ ಉಳಿದಿವೆ, ಪ್ರತಿ ಶನಿವಾರ ಇವತ್ತಿಗೂ ಹೋಗುತ್ತೇನೆ.

ಬಿಟ್ಟವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಸೊಪ್ಪು ಬಿಡಿಸೋಕೆ ಟೈಮಿಲ್ಲ. ಅಡುಗೆ ಮಾಡೋಕೆ ಟೈಮಿಲ್ಲ ಅಂತ ಯಾರೂ ಹೇಳಲಿಲ್ಲ ನೋಡಿ. ಅದಕ್ಕೇ ಹೇಳುತ್ತೇನೆ ಮೇಡಂ, ತಂದ ದಿನವೇ ಪೇಪರ್ ಹಾಸಿಕೊಂಡು ಮನೆಯವರೆಲ್ಲ ಕೂತು ಬಿಡಿಸಿ. ತೊಳೆಯಬೇಡಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಮಾಡುವ ಮುಂಚೆ ತೊಳೆದರೆ ಸಾಕು. ದಂಟು ಮೂರು ನಾಲ್ಕು ದಿನ ಬರುತ್ತದೆ. ಮಗುವಿಗೂ ಒಂದು ಕಂತೆ ಕೊಡಿ, ತಾನು ಬಿಡಿಸಿದ್ದನ್ನು ಮಕ್ಕಳು ತಿನ್ನುತ್ತಾರೆ, ನಮ್ಮ ಮನೆಯಲ್ಲಿ ನೋಡಿದ್ದೇನೆ.

ಸೊಪ್ಪಿನ ಬುಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಶನಿವಾರ ಮೂರು ಕಂತೆ ತಂದೆವು. ಮನೆಯವರು, ಮಗಳು ಸೇರಿ ಟಿವಿ ಮುಂದೆ ಕೂತು ಬಿಡಿಸಿದರು, ಮುಕ್ಕಾಲು ಗಂಟೆ ಹಿಡಿಯಿತು. ಇವತ್ತು ಬಸ್ಸಾರು. ಮಗಳು ಪಲ್ಯ ಎರಡು ತುತ್ತು ತಿಂದಳು, ಮೂರನೆಯದು ಬೇಡ ಅಂದಳು, ನಾನೂ ಬಲವಂತ ಮಾಡಲಿಲ್ಲ. ಧಾರವಾಡದ ಅಕ್ಕಾ, ಜೋಳದ ಹಿಟ್ಟಿಗೆ ತಣ್ಣೀರೋ ಬಿಸಿನೀರೋ? ನನ್ನದು ಬಡಿಯುವಾಗಲೇ ಹರಿಯುತ್ತದೆ.

ಧಾರವಾಡದಾಕಿ:

ಕುದಿಯುವ ನೀರು. ಹಿಟ್ಟಿನ ನಡುವೆ ಗುಣಿ ಮಾಡಿ ಸುರಿದು, ಸೌಟಿನಿಂದ ಕಲಸಿ, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿರಿ. ಹಿಟ್ಟು ಹೊಸದಾಗಿ ಬೀಸಿಸಿದ್ದೇ ಇರಲಿ, ಹಳೆಯದಾದರೆ ಜಿಗಿ ಹೋಗಿ ಹರಿಯುತ್ತದೆ.