ಜಾಗೃತಿಯ ಕೈಪಟ್ಟಿ ಫ್ಯಾಶನ್ ಆದರೆ ಯಾರಿಗೆ ತೊಂದರೆ?

ಪಿಟ್ಸ್‌ಬರ್ಗ್ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು. ಅವಳ ಮಣಿಕಟ್ಟಿನ ತುಂಬ ಸಿಲಿಕೋನ್ ಬ್ಯಾಂಡ್‌ಗಳು. ಗುಲಾಬಿ, ನೇರಳೆ, ಹಳದಿ, ನೀಲಿ. ಬೆಳಿಗ್ಗೆ ಟೀ ಶರ್ಟ್ ಬಣ್ಣ ನೋಡಿ ಯಾವುದು ಮೇಲೆ ಕಾಣಬೇಕು ಅಂತ ಜೋಡಿಸಿಕೊಳ್ಳುತ್ತಾಳೆ. ಗುಲಾಬಿ ಸ್ತನ ಕ್ಯಾನ್ಸರ್‌ಗೆ ಅಂತ ಗೊತ್ತು. ನೇರಳೆ ಯಾತಕ್ಕೆ ಅಂತ ಕೇಳಿದರೆ "ಅದೂ ಏನೋ ಕಾಯಿಲೆ ಅಮ್ಮ" ಅಂತಾಳೆ. ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು ಅಂತ ಅಕ್ಟೋಬರ್ ಬಂದರೆ ಇವರ ಶಾಲೆಯಲ್ಲಿ ಮಕ್ಕಳೇ ಟೇಬಲ್ ಹಾಕಿ ಮಾರುತ್ತಾರೆ. ಒಂದಕ್ಕೆ ಎರಡು ಡಾಲರ್.

ಈ ಸಲ ನಮ್ಮ ಅತ್ತೆ ಶಿವಮೊಗ್ಗದಿಂದ ಬಂದಿದ್ದಾರೆ. ಮೂರು ವರ್ಷದ ಹಿಂದೆ ಅವರಿಗೆ ಎಡ ಸ್ತನದ ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದರು. ಮೊಮ್ಮಗಳು ಪ್ರೀತಿಯಿಂದ ಒಂದು ಗುಲಾಬಿ ಬ್ಯಾಂಡ್ ತಂದು ಅಜ್ಜಿಯ ಎಡಗೈಗೇ ಹಾಕಿದಳು. ಅವಳ ಮುಂದೆ ಅತ್ತೆ ನಕ್ಕರು. ಆಮೇಲೆ ನನ್ನ ಹತ್ತಿರ ಬಂದು "ನಾನು ಪಟ್ಟಿದ್ದು ಇವರಿಗೆ ಬಳೆ ಆಯ್ತಲ್ಲ ಮಾರಾಯ್ತಿ" ಅಂದರು.

ಮಗಳ ಮನಸ್ಸಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅತ್ತೆ ಹೇಳಿದ್ದೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ಇಂಥ ಬ್ಯಾಂಡ್ ಫ್ಯಾಶನ್ ಆಗುವುದರಿಂದ ನಿಜವಾಗಿ ಯಾರಿಗಾದರೂ ತೊಂದರೆ ಇದೆಯಾ? ತಿಳಿದವರು ಹೇಳಿ. ಈ ವರ್ಷ ಶಾಲೆಯ ಟೇಬಲ್‌ಗೆ ಮಗಳೇ ಮುಂದಾಳು, ಅದಕ್ಕೇ ಕೇಳುತ್ತಿದ್ದೇನೆ.

ಆಸ್ಟಿನ್ ಸೈಕಲ್:

ಮೇಡಂ, ನಾನಿರುವುದು ಕ್ಯಾನ್ಸರ್ ಗೆದ್ದು ಬಂದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಊರಿನಲ್ಲಿ. ಈ ಸಿಲಿಕೋನ್ ಬ್ಯಾಂಡ್ ಹುಚ್ಚು ಹತ್ತಿದ್ದೇ ಇಲ್ಲಿಂದ. 2004ರಲ್ಲಿ ಆತನ ಕ್ಯಾನ್ಸರ್ ಸಂಸ್ಥೆ ಮತ್ತು ಶೂ ಕಂಪನಿ ನೈಕಿ ಸೇರಿ ಹಳದಿ ಲಿವ್‌ಸ್ಟ್ರಾಂಗ್ ಬ್ಯಾಂಡ್ ತಂದರು. ಬೆಲೆ ಒಂದೇ ಡಾಲರ್. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಮುಂದಿರುವವರು ತೊಡುವ ಹಳದಿ ಜರ್ಸಿಯ ಬಣ್ಣ ಅದು. ಮೊದಲು ಮಾಡಿಸಿದ್ದು 50 ಲಕ್ಷ. ಕೊನೆಗೆ ಮಾರಾಟವಾಗಿದ್ದು 8 ಕೋಟಿಗೂ ಜಾಸ್ತಿ. ಎಲ್ಲರಿಗೂ ಅದು ಚೆನ್ನಾಗಿ ಕಂಡಿತು, ಹಾಗಾಗಿ ಕೊಂಡರು. ಫ್ಯಾಶನ್ ಆಗದೇ ಇದ್ದಿದ್ದರೆ ಇಷ್ಟು ದುಡ್ಡು ಬರುತ್ತಿತ್ತಾ?

2012ರಲ್ಲಿ ಡೋಪಿಂಗ್ ಕಾರಣಕ್ಕೆ ಆ ರೇಸಿನಲ್ಲಿ ಆತ ಗೆದ್ದ ಏಳೂ ಪ್ರಶಸ್ತಿ ಹೋದವು. ಎಷ್ಟೋ ಜನ ಬ್ಯಾಂಡ್ ಕಿತ್ತು ಬಿಸಾಕಿದರು. ನನಗೂ ಆತನ ಮೇಲೆ ಸಿಟ್ಟಿದೆ. ಆದರೆ ಸಂಸ್ಥೆ ನಿಲ್ಲಲಿಲ್ಲ. 2014ರಲ್ಲಿ ಇಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ಹೊಸ ಮೆಡಿಕಲ್ ಸ್ಕೂಲಿಗೆ ಕ್ಯಾನ್ಸರ್ ವಿಭಾಗ ಕಟ್ಟಲು 5 ಕೋಟಿ ಡಾಲರ್ ಕೊಡುತ್ತೇವೆ ಎಂದು ಮಾತು ಕೊಟ್ಟಿತು. ಆ ಸಂಸ್ಥೆಯನ್ನು ಜಗತ್ತಿಗೆ ಗೊತ್ತು ಮಾಡಿದ್ದು ಆ ಒಂದು ಡಾಲರ್ ಬ್ಯಾಂಡೇ ಅಲ್ವಾ. ಮಗಳನ್ನು ತಡೆಯಬೇಡಿ.

ಲೆಸ್ಟರ್ ಮೇಷ್ಟ್ರು:

ಇಂಗ್ಲೆಂಡಿನ ಕಥೆಯನ್ನೂ ಕೇಳಿ. 2004ರ ಕೊನೆಗೆ ಬಿಬಿಸಿ ರೇಡಿಯೊ 1 ಶಾಲೆಗಳಲ್ಲಿ ನಡೆಯುವ ಕಿರುಕುಳದ ವಿರುದ್ಧ ನೀಲಿ ಬ್ಯಾಂಡ್ ಹಂಚಿತು. 'ಬೀಟ್ ಬುಲಿಯಿಂಗ್' ಅಂತ ಅದರ ಹೆಸರು. ಎಲ್ಲರಿಗೂ ಸಿಗಲಿಲ್ಲ, ಹಾಗಾಗಿ ಇ-ಬೇನಲ್ಲಿ ಸಿಕ್ಕಾಪಟ್ಟೆ ಬೆಲೆಗೆ ಹೋಗತೊಡಗಿತು. ಆಮೇಲೆ ಆ ಬ್ಯಾಂಡ್ ಹಾಕಿಕೊಂಡ ಮಕ್ಕಳನ್ನೇ ಹಿಡಿದು ಕಾಡಿಸುತ್ತಿದ್ದಾರೆ ಅಂತ ಪೇಪರಿನಲ್ಲಿ ಬಂತು. ನಾನಾಗ ಇಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಯಾರಿಗೆ ಬ್ಯಾಂಡ್ ಸಿಕ್ಕಿದೆ, ಯಾರಿಗೆ ಇಲ್ಲ ಅನ್ನುವುದೇ ಹುಡುಗರಲ್ಲಿ ಹೊಸ ಜಾತಿ ಆಗಿತ್ತು. ನೋಡಿ ಹೊಟ್ಟೆ ಉರಿಯುತ್ತಿತ್ತು.

2005ರಲ್ಲಿ ಬಡತನದ ವಿರುದ್ಧ ಬಿಳಿ ಬ್ಯಾಂಡ್ ಬಂತು, 'ಮೇಕ್ ಪಾವರ್ಟಿ ಹಿಸ್ಟರಿ' ಆಂದೋಲನದ್ದು. ಅವುಗಳಲ್ಲಿ ಕೆಲವು ತಯಾರಾಗಿದ್ದು ಚೀನಾದ ಕಾರ್ಖಾನೆಗಳಲ್ಲಿ. ಅಲ್ಲಿ ಕಾರ್ಮಿಕರನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಿರಲಿಲ್ಲ ಅನ್ನುವುದು ಅದೇ ವರ್ಷ ಹೊರಗೆ ಬಂತು. ಅಷ್ಟು ಬೇಗ, ಅಷ್ಟು ಅಗ್ಗವಾಗಿ, ಅಷ್ಟು ಬೇಕು ಅಂದರೆ ಇನ್ನೇನಾಗುತ್ತದೆ? ಮಾರುವ ಮೊದಲು ಎಲ್ಲಿ ಮಾಡಿಸಿದ್ದು ಅಂತ ನಿಮ್ಮ ಮಗಳು ಕೇಳಲಿ. ಏಳನೇ ಕ್ಲಾಸಿನ ಹುಡುಗಿ ಕೇಳಬಹುದಾದ ಪ್ರಶ್ನೆಯೇ ಅದು.

ಕುಂದಾಪುರದ ನರ್ಸ್, ಟ್ಯಾಂಪಾ:

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಅತ್ತೆಯ ಎಡಗೈಯಿಂದ ಆ ಬ್ಯಾಂಡ್ ತೆಗೆಸಿ. ಆಮೇಲೆ ಮುಂದಿನದ್ದು ಓದಿ.

ಕಂಕುಳಿನ ಗಂಟು ತೆಗೆದ ಮೇಲೆ ಆ ಕೈಯಲ್ಲಿ ನೀರು ಸರಿಯಾಗಿ ಹಿಂದಕ್ಕೆ ಹರಿಯುವುದಿಲ್ಲ. ಯಾವಾಗ ಬೇಕಾದರೂ ಊತ ಬರಬಹುದು, ಎಷ್ಟೋ ವರ್ಷ ಆದ ಮೇಲೂ. ಅದಕ್ಕೇ ಆ ಕೈಗೆ ಬಿಗಿ ಬಳೆ, ಬಿಗಿ ವಾಚು ಬೇಡ ಅಂತ ನಾವು ಹೇಳಿ ಕಳಿಸುತ್ತೇವೆ. ಆದಷ್ಟು ಬಿಪಿ ನೋಡುವುದು, ರಕ್ತ ತೆಗೆಯುವುದು ಇನ್ನೊಂದು ಕೈಯಲ್ಲೇ. ಇಲ್ಲಿನ ತುಂಬಾ ಆಸ್ಪತ್ರೆಗಳಲ್ಲಿ "ಈ ಕೈ ಮುಟ್ಟಬೇಡಿ" ಅಂತ ಹೇಳಲು ಹಾಕುವ ಪಟ್ಟಿಯ ಬಣ್ಣವೂ ಗುಲಾಬಿಯೇ. ನಿಮ್ಮ ಮಗಳದ್ದು ತಪ್ಪಲ್ಲ. ಅವಳಿಗೆ ಬ್ಯಾಂಡ್ ಮಾರಿದ ಯಾರೂ ಇದನ್ನು ಹೇಳಿರುವುದಿಲ್ಲ. ನನ್ನ ಸಂಕಟ ಇರುವುದೇ ಅಲ್ಲಿ. ಸ್ತನ ಕ್ಯಾನ್ಸರ್ ಜಾಗೃತಿಗೆ ಅಂತ ಮಾಡಿದ ವಸ್ತು ಆ ಕಾಯಿಲೆ ಆದವರ ಕೈಗೆ ಆಗಿಬರುತ್ತದಾ ಅನ್ನುವ ಜಾಗೃತಿಯೇ ಅದರ ಜೊತೆ ಬರುವುದಿಲ್ಲ.

ಮಣಿಕಟ್ಟು ಅನ್ನುವುದು ಆಸ್ಪತ್ರೆಯಲ್ಲಿ ನಮಗೆ ಓದುವ ಜಾಗ. ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಕೈ ನೋಡಿ ಕೆಲಸ ಮಾಡುತ್ತೇವೆ. 2004ರಲ್ಲಿ ಆಸ್ಟಿನ್ ಸರ್ ಹೇಳಿದ ಹಳದಿ ಬ್ಯಾಂಡ್ ಊರೆಲ್ಲ ಹರಡಿದಾಗ ಇಲ್ಲಿ ಫ್ಲಾರಿಡಾದ ಕೆಲವು ಆಸ್ಪತ್ರೆಗಳಲ್ಲಿ ಹಳದಿ ಪಟ್ಟಿಗೆ ಬೇರೆಯೇ ಅರ್ಥ ಇತ್ತು. ಡಿಎನ್‌ಆರ್. ಅಂದರೆ ಹೃದಯ ನಿಂತರೆ ಎದೆ ಒತ್ತಿ ಬದುಕಿಸಲು ಹೋಗಬೇಡಿ ಅಂತ ರೋಗಿಯೇ ಮೊದಲೇ ತೀರ್ಮಾನ ಮಾಡಿದ್ದಾರೆ ಎಂದು. ಒಂದು ಡಾಲರ್ ಕೊಟ್ಟು ಕೊಂಡ ಹಳದಿ, ಆಸ್ಪತ್ರೆ ಹಾಕಿದ ಹಳದಿ, ಎರಡೂ ಒಂದೇ ಕೈಯ ಮೇಲೆ ಇರುವ ಸಾಧ್ಯತೆ! ಅಡ್ಮಿಷನ್ ಹೊತ್ತಿಗೆ ಬ್ಯಾಂಡ್ ತೆಗೆಸಬೇಕು, ಒಪ್ಪದಿದ್ದರೆ ಮೇಲೆ ಟೇಪ್ ಸುತ್ತಬೇಕು ಅಂತ ಆಯಿತು. ನಾನು ಆಗ ರಾತ್ರಿ ಡ್ಯೂಟಿಯಲ್ಲಿದ್ದೆ. ಕೀಮೋ ತೆಗೆದುಕೊಳ್ಳುತ್ತಿದ್ದ ಒಬ್ಬ ಅಪ್ಪ ಬ್ಯಾಂಡ್ ತೆಗೆಯಲು ಬಿಡಲೇ ಇಲ್ಲ. ಮಗ ಕೊಟ್ಟಿದ್ದು ಅಂದರು. ಬಿಳಿ ಟೇಪ್ ಸುತ್ತಿದೆವು. ಅವರಿಗೆ ಅದು ಫ್ಯಾಶನ್ ಆಗಿರಲಿಲ್ಲ, ಅದನ್ನೂ ಹೇಳಬೇಕು.

ಬಣ್ಣದ ಗೊಂದಲ ಎಷ್ಟು ಅಪಾಯ ಅನ್ನುವುದಕ್ಕೆ ನಿಮ್ಮದೇ ಪೆನ್ಸಿಲ್ವೇನಿಯಾದ ಘಟನೆ ಇದೆ. 2005ರಲ್ಲಿ ಅಲ್ಲಿನ ರೋಗಿ ಸುರಕ್ಷತಾ ವಿಭಾಗ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕಳಿಸಿತು. ಒಬ್ಬ ನರ್ಸ್ ಎರಡು ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಕಡೆ ಹಳದಿ ಅಂದರೆ "ಈ ಕೈಯಲ್ಲಿ ರಕ್ತ ತೆಗೆಯಬೇಡಿ". ಇನ್ನೊಂದು ಕಡೆ ಹಳದಿ ಅಂದರೆ ಡಿಎನ್‌ಆರ್. ಆ ಎರಡನೇ ಕಡೆ, ಮೊದಲನೇ ಅರ್ಥದಲ್ಲಿ ಹಳದಿ ಹಾಕಿಬಿಟ್ಟರು. ಆ ರೋಗಿಗೆ ಹೃದಯ ನಿಂತಾಗ ತಂಡ ಕೈ ಬಿಡುವುದರಲ್ಲಿತ್ತು. ಇನ್ನೊಬ್ಬರು ಸಮಯಕ್ಕೆ ಗುರುತಿಸಿದರು, ಜೀವ ಉಳಿಯಿತು. ಇದರಲ್ಲಿ ಚಾರಿಟಿ ಬ್ಯಾಂಡಿನ ಪಾತ್ರ ಇಲ್ಲ. ಆದರೆ ಒಳಗಿನವರಿಗೇ ಬಣ್ಣ ಹೀಗೆ ಕೈಕೊಡುವಾಗ ಹೊರಗಿನಿಂದ ಇನ್ನಷ್ಟು ಬಣ್ಣ ಬಂದರೆ ಯೋಚಿಸಿ.

2008ರಲ್ಲಿ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ ಎಲ್ಲ ಕಡೆ ಒಂದೇ ಬಣ್ಣ ಇರಲಿ ಎಂದು ಹೇಳಿತು. ಕೆಂಪು ಅಂದರೆ ಅಲರ್ಜಿ, ಹಳದಿ ಅಂದರೆ ಬೀಳುವ ಅಪಾಯ, ನೇರಳೆ ಅಂದರೆ ಡಿಎನ್‌ಆರ್. ಈಗ ನಿಮ್ಮ ಮಗಳ "ಅದೂ ಏನೋ ಕಾಯಿಲೆ" ನೇರಳೆಗೆ ಬನ್ನಿ. ಅದು ಆಲ್ಝೈಮರ್ ಇರಬಹುದು, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇರಬಹುದು. ಎರಡಕ್ಕೂ ನೇರಳೆಯೇ. ಆಲ್ಝೈಮರ್ ಇರುವವರ ಕೈಗೆ ಮನೆಯವರು ಪ್ರೀತಿಯಿಂದ ಹಾಕಿರುತ್ತಾರೆ. ಅವರು ಆಸ್ಪತ್ರೆಗೆ ಬಂದರೆ ಇದು ಏನು ಅಂತ ನಮಗೆ ಬಾಯಿಬಿಟ್ಟು ಹೇಳಲಾರರು.

ಆಸ್ಟಿನ್ ಸರ್, ದುಡ್ಡಿನ ವಿಷಯ ನೀವು ಹೇಳಿದ್ದು ಸರಿ. ಚಂದ ಕಾಣುವುದನ್ನು ಜನ ಕೊಳ್ಳುತ್ತಾರೆ, ಅದರಿಂದ ಚಿಕಿತ್ಸೆ ಆದರೆ ನನಗೆ ಸಂತೋಷವೇ. ನನ್ನ ಜಗಳ ಬೇರೆ. ಚಂದ ಕಾಣದ ಕಾಯಿಲೆಗಳನ್ನು ಯಾರು ಕೇಳುತ್ತಾರೆ? ಅಮೆರಿಕದಲ್ಲಿ ಹೆಂಗಸರ ಜೀವ ಅತಿ ಹೆಚ್ಚು ತೆಗೆಯುವ ಕ್ಯಾನ್ಸರ್ ಶ್ವಾಸಕೋಶದ್ದು, ಸ್ತನದ್ದಲ್ಲ. ಅದಕ್ಕೂ ಬಿಳಿ ಬಣ್ಣದ ರಿಬ್ಬನ್ ಇದೆ, ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ನಮ್ಮ ವಾರ್ಡಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಬಂದವರನ್ನು ನೆಂಟರೂ ಮೊದಲು ಕೇಳುವುದು "ಸಿಗರೇಟ್ ಸೇದ್ತಿದ್ರಾ" ಅಂತ. ಒಂದು ದಿನವೂ ಸೇದದವರು ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ನೋಡಿದ್ದೇನೆ. ಅವರಿಗೆ ಅಕ್ಟೋಬರ್ ತಿಂಗಳ ಸಂಭ್ರಮ ಇಲ್ಲ.

ಗುಲಾಬಿ ರಿಬ್ಬನ್ ಕೂಡ ಮೊದಲು ಗುಲಾಬಿ ಆಗಿರಲಿಲ್ಲ ಗೊತ್ತಾ? ಕ್ಯಾಲಿಫೋರ್ನಿಯಾದ ಶಾರ್ಲೆಟ್ ಹೇಲಿ ಅನ್ನುವ ಹೆಂಗಸು 90ರ ದಶಕದ ಆರಂಭದಲ್ಲಿ ಮನೆಯಲ್ಲೇ ಪೀಚ್ ಬಣ್ಣದ ರಿಬ್ಬನ್ ಮಾಡಿ ಹಂಚುತ್ತಿದ್ದರು. ಅವರ ಅಜ್ಜಿ, ಸೋದರಿ, ಮಗಳು ಎಲ್ಲರಿಗೂ ಈ ಕಾಯಿಲೆ ಬಂದಿತ್ತು. ರಿಬ್ಬನ್ ಜೊತೆ ಒಂದು ಕಾರ್ಡು ಇರುತ್ತಿತ್ತು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರ್ಷದ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ತಡೆಗಟ್ಟಲು ಹೋಗುವುದು ಶೇ. 5 ಮಾತ್ರ, ಜನಪ್ರತಿನಿಧಿಗಳನ್ನು ಎಚ್ಚರಿಸಿ ಅಂತ ಅದರಲ್ಲಿ ಬರೆದಿತ್ತು. 1992ರಲ್ಲಿ ಒಂದು ದೊಡ್ಡ ಪತ್ರಿಕೆ ಮತ್ತು ಸೌಂದರ್ಯ ಸಾಧನಗಳ ಕಂಪನಿ ಆ ರಿಬ್ಬನ್ ಕೊಡಿ ಅಂತ ಕೇಳಿದಾಗ ಹೇಲಿ ಒಪ್ಪಲಿಲ್ಲ. ಇದು ವ್ಯಾಪಾರ ಆಗುತ್ತದೆ ಅಂದರು. ಆ ಪತ್ರಿಕೆ, ಕಂಪನಿಯವರು ಬಣ್ಣ ಬದಲಾಯಿಸಿ ಗುಲಾಬಿ ಮಾಡಿಕೊಂಡರು. ರಿಬ್ಬನ್ ಜಗತ್ತಿಗೆಲ್ಲ ಹೋಯಿತು, ಕಾರ್ಡು ಹಿಂದೆ ಉಳಿಯಿತು. ನನ್ನನ್ನು ಕೇಳಿದರೆ ಹಾನಿ ಆದದ್ದು ಆ ಜಾಗದಲ್ಲಿ.

ಪಿಟ್ಸ್‌ಬರ್ಗ್ ಅಮ್ಮ:

ಬ್ಯಾಂಡ್ ತೆಗೆಸಿದೆ ಸಿಸ್ಟರ್. ಊತ ಇಲ್ಲ. ಆ ಕೈಗೆ ಬಳೆ ಬೇಡ ಅಂತ ಬೆಂಗಳೂರಿನಲ್ಲೂ ಹೇಳಿದ್ದರಂತೆ, ಮೊಮ್ಮಗಳು ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಅತ್ತೆ ಸುಮ್ಮನಿದ್ದರಂತೆ. ನಿಮ್ಮ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ಹೇಲಿಯವರ ಕಾರ್ಡಿನ ವಿಷಯ ಅವಳಿಗೆ ತುಂಬಾ ಹಿಡಿಸಿತು. ಟೇಬಲ್ ಬಿಡುವುದಿಲ್ಲ, ಬ್ಯಾಂಡ್ ಜೊತೆ ಕಾರ್ಡ್ ಕೊಡುತ್ತೇನೆ ಅಂತಾಳೆ. ಅದರಲ್ಲಿ ಏನು ಬರೆಯಬೇಕು ಅಂತ ಕೇಳುತ್ತಿದ್ದಾಳೆ.

ಕುಂದಾಪುರದ ನರ್ಸ್, ಟ್ಯಾಂಪಾ:

ಜಾಣೆ. ಜಾಸ್ತಿ ಬರೆಯುವುದು ಬೇಡ, ಉಪಯೋಗಕ್ಕೆ ಬರುವುದನ್ನು ಬರೆಯಲಿ. 40ರಿಂದ 74 ವಯಸ್ಸಿನ ಹೆಂಗಸರು ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ ಮಾಡಿಸಿಕೊಳ್ಳಬೇಕು ಅನ್ನುವುದು ಇಲ್ಲಿ 2024ರಿಂದ ಇರುವ ಸಲಹೆ. ಮಕ್ಕಳು ಅದನ್ನು ಮನೆಗೆ ಒಯ್ದು ಅಮ್ಮನಿಗೆ ಕೊಟ್ಟರೆ ಸಾಕು. ಇನ್ಶೂರೆನ್ಸ್ ಇಲ್ಲದ, ಸಂಪಾದನೆ ಕಡಿಮೆ ಇರುವ ಹೆಂಗಸರಿಗೆ 1990ರ ಕಾಯ್ದೆಯಿಂದ ಬಂದ ಸರ್ಕಾರಿ ತಪಾಸಣೆ ಯೋಜನೆ ಇದೆ, ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ನಡೆಸುತ್ತದೆ. ಸ್ತನ ಮತ್ತು ಗರ್ಭಕಂಠ ಎರಡರ ಕ್ಯಾನ್ಸರ್‌ಗೂ ಅದರಲ್ಲಿ ತಪಾಸಣೆ ಇದೆ. ನಿಮ್ಮ ರಾಜ್ಯದ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಯಾವ ನಂಬರ್ ಹಾಕಬೇಕು ಅಂತ ಮಗಳೇ ಕೇಳಲಿ. ಬಂದ ದುಡ್ಡು ಯಾರಿಗೆ ಹೋಗುತ್ತದೆ, ಎರಡು ಡಾಲರ್‌ನಲ್ಲಿ ಬ್ಯಾಂಡಿನ ಖರ್ಚೆಷ್ಟು ಅನ್ನುವುದೂ ಇರಲಿ.

ಕೆಳಗೆ ಒಂದು ಸಾಲು: ಆಸ್ಪತ್ರೆಗೆ ಹೋಗುವಾಗ ಬ್ಯಾಂಡ್ ತೆಗೆದಿಡಿ, ಆಪರೇಷನ್ ಆದ ಕಡೆಯ ಕೈಗೆ ಹಾಕಬೇಡಿ. ಇನ್ನೊಂದು ಬದಿಗೆ ಅದನ್ನೆಲ್ಲ ಸ್ಪ್ಯಾನಿಷ್‌ನಲ್ಲೂ ಬರೆಸಿ. ಶಾಲೆಯಲ್ಲಿ ಅಡುಗೆ ಮಾಡುವವರು, ಕಸ ಗುಡಿಸುವವರು ಬಂದರೆ ದುಡ್ಡು ಕೇಳದೆ ಕಾರ್ಡ್ ಕೊಡಲಿ.