‘ಬಂಧನ’ ಅಂದಕೂಡಲೇ ತೀರ್ಪು ಹೊರಬೀಳುತ್ತದೆ. ಬೇರೆ ಪದ ಇದೆಯೇ?

ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಬಗೆಗಿನ ಕೆಲವು ತೀರ್ಪುಗಳ ಸಾರವನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಮೊದಲ ಪುಟದಲ್ಲೇ ಕೈ ನಿಂತಿದೆ. ಅರೆಸ್ಟ್‌ಗೂ ಬಂಧನ, ಡಿಟೆನ್ಷನ್‌ಗೂ ಬಂಧನ. ಅರೆಸ್ಟ್‌ಗಾದರೆ ‘ದಸ್ತಗಿರಿ’ ಇದೆ. ಪಾರಸಿಯಿಂದ ಬಂದ ಮಾತು, ಮೂಲದಲ್ಲಿ ಕೈ ಹಿಡಿಯುವುದು. (ದಸ್ತಗೀರ್ ಎಂಬ ಹೆಸರಿನಲ್ಲಿ ಅದೇ ಪದ ಕೈಹಿಡಿದು ಕಾಪಾಡುವವನಾಗಿದೆ!) ಆದರೆ ಅದು ಒಂದು ಗಳಿಗೆಯ ಕ್ರಿಯೆ. ಹಿಡಿದ ಮೇಲೆ, ಅಥವಾ ಹಿಡಿಯದೆಯೇ, ಒಬ್ಬರನ್ನು ಒಂದೆಡೆ ಇರಿಸಿಕೊಂಡಿರುವ ಸ್ಥಿತಿಗೆ ಏನನ್ನೋಣ?

ಇದು ಬರೀ ಶಬ್ದಶುದ್ಧಿಯ ಗೀಳಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 5ನೇ ವಿಧಿಯ (ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಪ್ರಕರಣಗಳಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಸ್ವಾತಂತ್ರ್ಯ ಕಸಿಯಲಾಗಿದೆಯೇ, ಅಥವಾ ಓಡಾಟಕ್ಕೆ ಮಿತಿ ಹಾಕಿದ್ದು ಮಾತ್ರವೇ?’ ಎಂಬುದು. 1980ರ ಗುಝ್ಝಾರ್ಡಿ ಪ್ರಕರಣದಲ್ಲಿ ಮಾಫಿಯಾ ನಂಟಿನ ಶಂಕೆಯಿದ್ದವನನ್ನು ಇಟಲಿ ಸರ್ಕಾರ ಅಸಿನಾರಾ ದ್ವೀಪದಲ್ಲಿ ಸುಮಾರು ಎರಡೂವರೆ ಚದರ ಕಿಲೋಮೀಟರಿನೊಳಗೆ 16 ತಿಂಗಳು ಇರಿಸಿತ್ತು. ಬೀಗವಿಲ್ಲ, ಸರಳುಗಳಿಲ್ಲ. ಆದರೂ ಸ್ವಾತಂತ್ರ್ಯ ಕಸಿದಂತೆಯೇ ಎಂದಿತು ನ್ಯಾಯಾಲಯ. ಕಸಿಯುವುದಕ್ಕೂ ಮಿತಿ ಹಾಕುವುದಕ್ಕೂ ಇರುವ ಅಂತರ ತೀವ್ರತೆಯದು, ಸ್ವರೂಪದ್ದಲ್ಲ ಎಂದೂ ಹೇಳಿತು. 2001ರ ಮೇ 1ರಂದು ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಸುತ್ತುವರಿದು ಸುಮಾರು ಏಳು ಗಂಟೆ ಕದಲಲು ಬಿಡಲಿಲ್ಲ. ಅದೇ ನ್ಯಾಯಾಲಯದ 2012ರ ಆಸ್ಟಿನ್ ತೀರ್ಪು ಅಲ್ಲಿ ಸ್ವಾತಂತ್ರ್ಯ ಕಸಿದಿಲ್ಲ ಎಂದಿತು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ, ಅದಿರಲಿ. ಅನುವಾದದಲ್ಲಿ ಹೀಗೆ ಸುತ್ತುವರಿಯುವುದಕ್ಕೆ ‘ದಿಗ್ಬಂಧನ’ ಎಂದು ಬರೆದೆ, ಸೊಗಸಾಗಿ ಕೂತಿತು. ಮರುಸಾಲಿನಲ್ಲಿ ‘ಈ ದಿಗ್ಬಂಧನ ಬಂಧನವಲ್ಲ’ ಎಂದು ಬರೆಯಬೇಕಾಗಿ ಬಂದಾಗ ನಗು ಬಂತು.

ಇದಕ್ಕಿಂತ ಕಷ್ಟದ್ದು 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ಚೆಶೈರ್ ವೆಸ್ಟ್ ತೀರ್ಪು. ಅದರಲ್ಲಿ ಒಬ್ಬಳು ಕಲಿಕೆಯ ತೊಂದರೆಯಿದ್ದ ಹುಡುಗಿ, ಸಾಕುತಾಯಿಯ ಮನೆಯಲ್ಲಿದ್ದಳು, ಆಕೆಯನ್ನು ಹಚ್ಚಿಕೊಂಡಿದ್ದಳು, ಹೊರಗೆ ಹೋಗಲು ಹವಣಿಸಿದವಳೇ ಅಲ್ಲ. ಸದಾ ನಿಗಾ ಮತ್ತು ನಿಯಂತ್ರಣದಲ್ಲಿದ್ದಾಳೆ, ಬಿಟ್ಟು ಹೋಗುವ ಮುಕ್ತಿ ಇಲ್ಲ. ಆದ್ದರಿಂದ ಸ್ವಾತಂತ್ರ್ಯ ಕಸಿದಂತೆ, ಹಾಗಾಗಿ ಕಾನೂನಿನ ರಕ್ಷಣೆಯೂ ಸಲ್ಲಬೇಕು ಎಂಬುದು ಬಹುಮತ. ‘ಚಿನ್ನದ ಪಂಜರವೂ ಪಂಜರವೇ’ ಎಂಬ ನ್ಯಾಯಮೂರ್ತಿ ಲೇಡಿ ಹೇಲ್ ಅವರ ಮಾತು ಕನ್ನಡಕ್ಕೆ ತಾನಾಗಿ ನಡೆದುಬಂತು. ಆದರೆ ‘ಹುಡುಗಿ ಸಾಕುತಾಯಿಯ ಬಂಧನದಲ್ಲಿದ್ದಳು’ ಎಂದು ಬರೆದರೆ ಆ ತಾಯಿಯನ್ನೇ ಕಟಕಟೆಗೆ ಹತ್ತಿಸಿದಂತೆ. ತೀರ್ಪು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ.

‘ಆರ್ಬಿಟ್ರರಿ’ಯದೂ ಇಂಥದೇ ಪಾಡು. ರೂಢಿಯ ‘ಅಕ್ರಮ ಬಂಧನ’ ಇಲ್ಲಿ ನಡೆಯದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಪ್ರಕಾರ ಒಬ್ಬರನ್ನು ಹಿಡಿದಿರಿಸಿದ್ದು ದೇಶದ ಕಾನೂನಿಗೆ ಸರಿಹೊಂದಿದರೂ ಅನುಚಿತ, ಅನಗತ್ಯವಾಗಿದ್ದರೆ ಆರ್ಬಿಟ್ರರಿಯೇ. ‘ಕಾನೂನುಬದ್ಧ ಅಕ್ರಮ ಬಂಧನ’ ಎಂದು ಬರೆಯುವ ಧೈರ್ಯ ನನಗಿಲ್ಲ. ಸದ್ಯಕ್ಕೆ ‘ಮನಸೋಇಚ್ಛೆ’ ಇಟ್ಟಿದ್ದೇನೆ. ‘ನಿರಂಕುಶ’ ಎಂದರೆ ದೊರೆಗಳ ಕಾಲ ನೆನಪಾಗುತ್ತದೆ.

ನಾನು ತೂಗಿನೋಡಿದವು: ‘ಸ್ವಾತಂತ್ರ್ಯಹರಣ’ ನಿಖರ, ಆದರೆ ಮಾತಿನಲ್ಲಿ ಬಾಯಿ ತುಂಬುತ್ತದೆ, ಸೀತಾಪಹರಣದ ಛಾಯೆ ಬೇರೆ. ‘ಸೆರೆ’ ಜೈಲಿಗೆ ಎಳೆಯುತ್ತದೆ. ಮರಾಠಿಯ ‘ಸ್ಥಾನಬದ್ಧತೆ’ ಅಸಿನಾರಾಕ್ಕೆ ಹೇಳಿ ಮಾಡಿಸಿದಂತಿದೆ, ಸಾಕುಮನೆಗೆ ಅನುಮಾನ. ‘ತಡೆದಿರಿಸುವಿಕೆ’ಗೆ ತಪ್ಪಿನ ವಾಸನೆ ಇಲ್ಲ, ಅದಕ್ಕೇ ಹಿಡಿಸಿದೆ. ‘ತಡೆದಿರಿಸಿದ್ದರೇ?’ ಎಂದು ಕೇಳಿದರೆ ಉತ್ತರ ಇನ್ನೂ ತೆರೆದಿರುತ್ತದೆ. ಆದರೆ ಅದರಿಂದ ‘ಡಿಟೇನಿ’ಯನ್ನು ಹೇಗೆ ಕಟ್ಟುವುದು? ‘ತಡೆದಿರಿಸಲ್ಪಟ್ಟವರು’ ಎಂದು ನಲವತ್ತು ಸಲ ಬರೆಯಲಾರೆ. ‘ತಡೆಯಾಳು’ ಅಂದರೆ ಕೇಳುವವರಿಗೆ ಕಾವಲುಗಾರನೇ ಕಂಡಾನೇನೋ. ಕೋರ್ಟು ಕಚೇರಿಯ ಬಳಕೆ ಬಲ್ಲವರು, ಅಥವಾ ನಿಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೊಂದು ಗಿಡ್ಡ ಪದ ಕೇಳಿದವರು ಇದ್ದರೆ ತಿಳಿಸುವಿರಾ?