ಹಾರ್ಮೋನ್ ಹೆಚ್ಚಿಸದ ಪಿಟ್ಯುಟರಿ ಗೆಡ್ಡೆ: ಮಾತ್ರೆಯೋ, ಆಪರೇಷನ್ನೋ, ಕಾಯುವುದೋ? (ಪ್ರಶ್ನೋತ್ತರ)

ಪ್ರಶ್ನೆ: ತಂದೆಗೆ 61 ವರ್ಷ. ಕೆಲವು ತಿಂಗಳಿಂದ ಸುಸ್ತು, ಹಸಿವಿಲ್ಲ, ಹಣೆಯಲ್ಲಿ ನೋವು. ಬೈಕ್ ಓಡಿಸುವಾಗ ಪಕ್ಕದಿಂದ ನುಗ್ಗುವ ಗಾಡಿ ಕಾಣುವುದೇ ಇಲ್ಲ ಎನ್ನುತ್ತಾರೆ. ಕನ್ನಡಕ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಎಂಆರ್‌ಐನಲ್ಲಿ 24 ಮಿಮೀ ಪಿಟ್ಯುಟರಿ (ಮೆದುಳಿನ ಬುಡದ ಹಾರ್ಮೋನ್ ಗ್ರಂಥಿ) ಮ್ಯಾಕ್ರೋಅಡಿನೋಮಾ, ಅಂದರೆ 10 ಮಿಮೀ ಅಥವಾ ಅದಕ್ಕಿಂತ ದೊಡ್ಡ ಗೆಡ್ಡೆ, ಆಪ್ಟಿಕ್ ಕಯಾಸ್ಮ (ಎರಡೂ ಕಣ್ಣಿನ ನರಗಳು ಸೇರುವ ಜಾಗ) ಮೇಲಕ್ಕೆ ಒತ್ತಿಕೊಂಡಿದೆ, ಬಲಕ್ಕೆ ನಾಸ್ಪ್ ಗ್ರೇಡ್ 2 (ಗೆಡ್ಡೆ ಪಕ್ಕಕ್ಕೆ ಕ್ಯಾರೋಟಿಡ್ ರಕ್ತನಾಳದ ಕಡೆ ಎಷ್ಟು ಹರಡಿದೆ ಎಂಬ ಅಳತೆ) ಎಂದಿದೆ. ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪಾದಿಸುವ ಹಾರ್ಮೋನ್) 62 ನ್ಯಾನೋಗ್ರಾಂ, ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನ್) 1.9, ಸೋಡಿಯಂ 129. ಪ್ರೊಲ್ಯಾಕ್ಟಿನ್ ಜಾಸ್ತಿ ಇರುವುದರಿಂದ ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಗೆಡ್ಡೆ ಕರಗುತ್ತದೆ ಎಂದು ಒಬ್ಬ ವೈದ್ಯರು, ಆಪರೇಷನ್ ಬೇಕು ಎಂದು ಇನ್ನೊಬ್ಬರು. ಯಾರ ಮಾತು ಕೇಳಬೇಕು?

ಉತ್ತರ (ಎಂಡೋಕ್ರೈನಾಲಜಿಸ್ಟ್): ಮೊದಲು ಆ 62ರ ಲೆಕ್ಕ ಬಿಡಿಸೋಣ. ಮೆದುಳಿನ ಹೈಪೋಥಲಾಮಸ್‌ನಿಂದ ಡೋಪಮಿನ್ ತೆಳುವಾದ ತೊಟ್ಟಿನ ಮೂಲಕ ಪಿಟ್ಯುಟರಿಗೆ ಇಳಿದು ಪ್ರೊಲ್ಯಾಕ್ಟಿನ್‌ಗೆ ಸದಾ ತಡೆ ಹಾಕಿರುತ್ತದೆ. ಯಾವುದೇ ಗೆಡ್ಡೆ ಆ ತೊಟ್ಟನ್ನು ಬಗ್ಗಿಸಿದರೆ ತಡೆ ಸಡಿಲವಾಗಿ ಪ್ರೊಲ್ಯಾಕ್ಟಿನ್ ಸ್ವಲ್ಪ ಏರುತ್ತದೆ, ಸಾಮಾನ್ಯವಾಗಿ 100ರ ಒಳಗೆ. ಗೆಡ್ಡೆಯೇ ಪ್ರೊಲ್ಯಾಕ್ಟಿನ್ ತಯಾರಿಸುತ್ತಿದ್ದರೆ 24 ಮಿಮೀ ಗಾತ್ರಕ್ಕೆ 200 ದಾಟಿರಬೇಕಿತ್ತು, ಎಷ್ಟೋ ಜನರಲ್ಲಿ ಅದರ ಹಲವು ಪಟ್ಟು ಇರುತ್ತದೆ. ಹಾಗಾಗಿ ಇದು ಹಾರ್ಮೋನ್ ಹೆಚ್ಚಿಸದ ಗೆಡ್ಡೆ ಎನ್ನುವುದೇ ಹೆಚ್ಚು ಸಂಭವ.

ಆದರೂ ಎರಡು ವಿಷಯ ಖಚಿತ ಮಾಡಿಕೊಳ್ಳಿ. ತಂದೆಯವರು ಗ್ಯಾಸ್ಟ್ರಿಕ್‌ಗೆ ಡೋಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಬೆರೆತ ಕ್ಯಾಪ್ಸೂಲ್ ನುಂಗುತ್ತಿದ್ದಾರೆಯೇ? ಇವೆರಡೂ ತಾವಾಗಿಯೇ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮಾತ್ರೆ ಪಟ್ಟಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರುವ ಎರಡನೇ ಹೆಸರನ್ನೂ ಓದಿ. ಇನ್ನೊಂದು, ಅದೇ ರಕ್ತವನ್ನು 1:100 ತೆಳುಗೊಳಿಸಿ ಪ್ರೊಲ್ಯಾಕ್ಟಿನ್ ಮತ್ತೆ ನೋಡಲು ಲ್ಯಾಬ್‌ಗೆ ಹೇಳಿ. ಪ್ರೊಲ್ಯಾಕ್ಟಿನ್ ಸಾವಿರಗಟ್ಟಲೆ ಇದ್ದಾಗ ಪರೀಕ್ಷೆಯ ಆಂಟಿಬಾಡಿಗಳು ತುಂಬಿಹೋಗಿ ಯಂತ್ರ ಸುಳ್ಳು ಸುಳ್ಳೇ ಕಡಿಮೆ ಅಂಕಿ ತೋರಿಸುವುದುಂಟು. 3 ಸೆಂಮೀಗಿಂತ ದೊಡ್ಡ ಗೆಡ್ಡೆಗಳಲ್ಲಿ ಇದು ಮುಖ್ಯ. ನಿಮ್ಮ ತಂದೆಯವರಿಗೂ ಒಮ್ಮೆ ಮಾಡಿಸಿದರೆ ನಷ್ಟವಿಲ್ಲ.

ತೆಳುಗೊಳಿಸಿದ ಮೇಲೂ 60ರ ಆಸುಪಾಸೇ ಬಂದರೆ ಕ್ಯಾಬರ್ಗೋಲಿನ್ ನಂಬಿ ಕೂರಬೇಡಿ. ಮಾತ್ರೆ ನುಂಗಿದ ಎರಡೇ ವಾರಕ್ಕೆ ಪ್ರೊಲ್ಯಾಕ್ಟಿನ್ 5ಕ್ಕೆ ಇಳಿಯುತ್ತದೆ, ರಿಪೋರ್ಟ್ ನೋಡಿ ಎಲ್ಲರಿಗೂ ಸಮಾಧಾನ. ಗೆಡ್ಡೆ ಮಾತ್ರ ಇದ್ದಲ್ಲೇ ಇದ್ದು ಕಣ್ಣಿನ ನರವನ್ನು ಒತ್ತುತ್ತಲೇ ಇರುತ್ತದೆ. ಹೀಗೆ ಕಳೆದ ತಿಂಗಳುಗಳಲ್ಲಿ ಹೋದ ದೃಷ್ಟಿ ಪೂರ್ತಿ ಮರಳದಿರಬಹುದು.

ನನಗೆ ಹೆಚ್ಚು ಆತಂಕ ಸೋಡಿಯಂ 129 ಬಗ್ಗೆ. "ಹಾರ್ಮೋನ್ ಹೆಚ್ಚಿಸದ" ಗೆಡ್ಡೆ ಹಾರ್ಮೋನ್ ಕಡಿಮೆ ಮಾಡುವುದರಲ್ಲಿ ಹಿಂದೆ ಬೀಳುವುದಿಲ್ಲ, ಸುತ್ತಲಿನ ಒಳ್ಳೆಯ ಗ್ರಂಥಿಯನ್ನು ಹಿಂಡಿಬಿಡುತ್ತದೆ. ಸುಸ್ತು, ಹಸಿವಿಲ್ಲದಿರುವುದು, ಸೋಡಿಯಂ ಇಳಿಕೆ ಮೂರೂ ಸೇರಿದರೆ ಕಾರ್ಟಿಸಾಲ್ (ಬಿಪಿ ಕಾಪಾಡಲು, ಕಾಯಿಲೆ ತಾಳಲು ಬೇಕಾದ ಹಾರ್ಮೋನ್) ಕೊರತೆ ಇಲ್ಲ ಎಂದು ಸಾಬೀತಾಗುವವರೆಗೆ ಇದೆ ಎಂದೇ ನೋಡಬೇಕು. ನಾಳೆ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಡಿ. ಡೆಸಿಲೀಟರ್‌ಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಚಿತ. 15 ದಾಟಿದ್ದರೆ ಬಹುಮಟ್ಟಿಗೆ ನಿರಾಳ. ನಡುವೆ ಬಂದರೆ ಎಸಿಟಿಎಚ್ (ಕಾರ್ಟಿಸಾಲ್ ಹೊರಡಿಸುವ ಪಿಟ್ಯುಟರಿ ಹಾರ್ಮೋನ್) ಇಂಜೆಕ್ಷನ್ ಕೊಟ್ಟು ನೋಡುವ ಪರೀಕ್ಷೆ ಬೇಕು. ಮಂಡಿನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಹೆಸರಿಲ್ಲದ ಪುಡಿ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ, ಅದರಿಂದಲೂ ಕಾರ್ಟಿಸಾಲ್ ಬಿದ್ದಿರುತ್ತದೆ.

ಟಿಎಸ್‌ಎಚ್ 1.9 ನೋಡಿ ಥೈರಾಯ್ಡ್ ಸರಿಯಿದೆ ಎನ್ನುವಂತಿಲ್ಲ. ತೊಂದರೆ ಪಿಟ್ಯುಟರಿಯಲ್ಲೇ ಇದ್ದಾಗ ಟಿಎಸ್‌ಎಚ್ ನಾರ್ಮಲ್ ಆಗಿಯೇ ಇರಬಹುದು, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ನೋಡಬೇಕು. ಜೊತೆಗೆ ಬೆಳಗಿನ ಟೆಸ್ಟೋಸ್ಟಿರೋನ್, ಎಲ್‌ಎಚ್, ಎಫ್‌ಎಸ್‌ಎಚ್ (ಲೈಂಗಿಕ ಗ್ರಂಥಿಗಳನ್ನು ನಡೆಸುವ ಪಿಟ್ಯುಟರಿ ಹಾರ್ಮೋನ್‌ಗಳು) ಮತ್ತು ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಮಟ್ಟ ತಿಳಿಸುವ ಪರೀಕ್ಷೆ). ಕೊನೆಯದು ಏಕೆಂದರೆ ಹೊರಗೆ ಲಕ್ಷಣ ಕಾಣದ ಆಕ್ರೊಮೆಗಲಿ (ಬೆಳವಣಿಗೆ ಹಾರ್ಮೋನ್ ಅತಿಯಾಗುವ ಕಾಯಿಲೆ) ತಪ್ಪಿಸಿಕೊಳ್ಳಬಾರದು.

ಉತ್ತರ (ನೇತ್ರ ವೈದ್ಯೆ): ಪಕ್ಕದ ಗಾಡಿ ಕಾಣದಿರುವುದು ಕಯಾಸ್ಮ ಒತ್ತಡದ ನೇರ ಲಕ್ಷಣ. ಎರಡೂ ಕಣ್ಣಿನ ಮೂಗಿನ ಕಡೆಯ ರೆಟಿನಾದಿಂದ ಬರುವ ನಾರುಗಳು ಕಯಾಸ್ಮದಲ್ಲಿ ಅಡ್ಡ ದಾಟುತ್ತವೆ. ಕೆಳಗಿನಿಂದ ಗೆಡ್ಡೆ ತಳ್ಳಿದಾಗ ಅವೇ ಮೊದಲು ನಲುಗಿ, ಎರಡೂ ಬದಿಯ ಹೊರನೋಟ ಮೇಲ್ಭಾಗದಿಂದ ಮಸುಕಾಗುತ್ತಾ ಬರುತ್ತದೆ. ಗೋಡೆಯ ಚಾರ್ಟ್ ಓದಿಸಿದರೆ 6/6 ಬರಬಹುದು, ಏಕೆಂದರೆ ನಡುನೋಟ ಉಳಿದಿರುತ್ತದೆ. ಕನ್ನಡಕ ಬದಲಿಸಿ ಕೆಲವರು ಪೊರೆ ಆಪರೇಷನ್‌ವರೆಗೂ ಹೋಗುವುದು ಇದರಿಂದಲೇ.

ಮನೆಯಲ್ಲೇ ನೋಡಬಹುದು. ಎದುರು ಒಂದು ಮೀಟರ್ ದೂರ ಕುಳಿತು, ಅವರ ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡಲು ಹೇಳಿ. ಕೆಂಪು ಪೆನ್ ಕ್ಯಾಪನ್ನು ಹೊರಬದಿಯಿಂದ ಮೂಗಿನ ಕಡೆಗೆ ನಿಧಾನವಾಗಿ ತನ್ನಿ. ಹೊರಬದಿಯಲ್ಲಿ ಮಾಸಲಾಗಿದ್ದ ಕೆಂಪು ನಟ್ಟನಡುವಿನ ಗೆರೆ ದಾಟಿದ ಕೂಡಲೇ ಗಾಢವಾದರೆ ಅದೇ ಉತ್ತರ. ಆದರೆ ಆಸ್ಪತ್ರೆಯಲ್ಲಿ ಹಂಫ್ರಿ 24-2 ಪೆರಿಮೆಟ್ರಿ (ನೋಟದ ಹರವು ಅಳೆಯುವ ಪರೀಕ್ಷೆ) ಮತ್ತು ಒಸಿಟಿ (ಕಣ್ಣಿನ ನರಪದರದ ಸ್ಕ್ಯಾನ್) ಆಪರೇಷನ್‌ಗೆ ಮುಂಚೆ ಆಗಲೇಬೇಕು. ಒಸಿಟಿಯಲ್ಲಿ ನರಪದರ ಇನ್ನೂ ದಪ್ಪವಾಗಿದ್ದರೆ ನೋಟ ಮರಳುವ ಭರವಸೆ ಹೆಚ್ಚು, ಆಗಲೇ ತೆಳ್ಳಗಾಗಿದ್ದರೆ ಕಡಿಮೆ. ಸದ್ಯಕ್ಕೆ ಬೈಕ್ ಕೀ ತೆಗೆದಿಡಿ.

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ವೈದ್ಯ): 29 ವರ್ಷದ ಮಹಿಳೆ, ಮುಟ್ಟು ನಿಂತಿದೆ, ಪ್ರೊಲ್ಯಾಕ್ಟಿನ್ 70. ಪಿಟ್ಯುಟರಿ 15 ಮಿಮೀ ಎತ್ತರ ಉಬ್ಬಿದೆ, ಮ್ಯಾಕ್ರೋಅಡಿನೋಮಾ ಎಂದು ರಿಪೋರ್ಟ್. ಟಿಎಸ್‌ಎಚ್ ಮಾತ್ರ 100ಕ್ಕೂ ಮೇಲೆ. ನ್ಯೂರೋಸರ್ಜರಿಗೆ ಕಳಿಸಲೇ?

ಉತ್ತರ (ಎಂಡೋಕ್ರೈನಾಲಜಿಸ್ಟ್): ಈಗಲೇ ಬೇಡ. ಇದು ಗೆಡ್ಡೆಯೇ ಅಲ್ಲದಿರುವ ಸಂಭವ ಬಲವಾಗಿದೆ. ಥೈರಾಯ್ಡ್ ಸೋತು ವರ್ಷಗಟ್ಟಲೆ ಹಾಗೇ ಬಿಟ್ಟಾಗ, ಟಿಎಸ್‌ಎಚ್ ಉತ್ಪಾದಿಸುವ ಕೋಶಗಳು ದುಡಿದು ದುಡಿದು ಇಡೀ ಗ್ರಂಥಿ ಊದುತ್ತದೆ. ಟಿಆರ್‌ಎಚ್ (ಟಿಎಸ್‌ಎಚ್ ಹೊರಡಿಸುವ ಹೈಪೋಥಲಾಮಸ್ ಹಾರ್ಮೋನ್) ಏರಿದ್ದರಿಂದ ಪ್ರೊಲ್ಯಾಕ್ಟಿನ್ನೂ ಏರುತ್ತದೆ. ಎಂಆರ್‌ಐ ಚಿತ್ರವನ್ನು ನೀವೇ ನೋಡಿ: ಎರಡೂ ಬದಿ ಸಮನಾಗಿ ಗುಮ್ಮಟದಂತೆ ಉಬ್ಬಿ, ಕಾಂಟ್ರಾಸ್ಟ್ ಏಕರೂಪವಾಗಿ ಹಿಡಿದಿರುತ್ತದೆ. ಫ್ರೀ ಟಿ4, ಕಾರ್ಟಿಸಾಲ್, ಗರ್ಭಧಾರಣೆ ಪರೀಕ್ಷೆ ಮಾಡಿ. ಕಾರ್ಟಿಸಾಲ್ ಸರಿಯಿದ್ದರೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಶುರುಮಾಡಿ, ಎರಡು ಮೂರು ತಿಂಗಳ ನಂತರ ಎಂಆರ್‌ಐ ಮರುಮಾಡಿ. ಗ್ರಂಥಿ ಕುಗ್ಗಿದರೆ ಚಾಕು ತಪ್ಪಿತು. ನೋಟ ಕುಸಿಯುತ್ತಿದ್ದರೆ ಮಾತ್ರ ಇಷ್ಟು ಕಾಯಬೇಡಿ.

ಪ್ರಶ್ನೆ: ಸೈನಸ್‌ಗೆಂದು ಮಾಡಿಸಿದ ಎಂಆರ್‌ಐನಲ್ಲಿ 6 ಮಿಮೀ ಗೆಡ್ಡೆ ಕಂಡಿದೆ. ತೆಗೆಸಬೇಕೆ?

ಉತ್ತರ (ಎಂಡೋಕ್ರೈನಾಲಜಿಸ್ಟ್): ಹಾರ್ಮೋನ್ ಹೆಚ್ಚಳ ಇಲ್ಲವೆಂದು ಖಾತ್ರಿಯಾದರೆ ಬೇಡ. 10 ಮಿಮೀ ಒಳಗಿನವು ಬೆಳೆಯುವುದು ಅಪರೂಪ. ಒಂದು ವರ್ಷಕ್ಕೆ ಎಂಆರ್‌ಐ, ಬದಲಾವಣೆ ಇಲ್ಲದಿದ್ದರೆ ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗಬಹುದು. ಕಯಾಸ್ಮ ಮುಟ್ಟದ ಮ್ಯಾಕ್ರೋ ಆಗಿದ್ದರೆ ಮೊದಲ ಎಂಆರ್‌ಐ ಆರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ.

ಮೊದಲ ಪ್ರಶ್ನೆ ಕೇಳಿದವರು: ಕಾರ್ಟಿಸಾಲ್ 2.1, ಫ್ರೀ ಟಿ4 0.5, ಐಜಿಎಫ್-1 ವಯಸ್ಸಿಗೆ ಕಡಿಮೆ. ತೆಳುಗೊಳಿಸಿದ ಪ್ರೊಲ್ಯಾಕ್ಟಿನ್ 58. ಪೆರಿಮೆಟ್ರಿಯಲ್ಲಿ ಎರಡೂ ಕಣ್ಣಿನ ಹೊರಬದಿ ಕಪ್ಪು. ಆಪರೇಷನ್ ಹೇಗಿರುತ್ತದೆ?

ಉತ್ತರ (ಎಂಡೋಕ್ರೈನಾಲಜಿಸ್ಟ್): ಇವತ್ತೇ ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್ ಬದಲಿಗೆ ಕೊಡುವ ಮಾತ್ರೆ) ಶುರುವಾಗಲಿ: ಎದ್ದ ಕೂಡಲೇ 10 ಮಿಗ್ರಾಂ, ಮಧ್ಯಾಹ್ನ 5, ಸಂಜೆ 5. ಥೈರಾಕ್ಸಿನ್ ಕೆಲವು ದಿನ ಬಿಟ್ಟು. ಕ್ರಮ ತಿರುಗುಮುರುಗಾದರೆ ಥೈರಾಕ್ಸಿನ್ ಇರುವ ಅಲ್ಪಸ್ವಲ್ಪ ಕಾರ್ಟಿಸಾಲನ್ನೂ ಬೇಗ ಕರಗಿಸಿ ಬಿಪಿ ಕುಸಿಯುವ ಅಪಾಯವಿದೆ. ಸ್ಟೀರಾಯ್ಡ್ ಎಂದು ಹೆದರಿ ನಿಲ್ಲಿಸಬೇಡಿ, ದೇಹ ತಾನೇ ಮಾಡಿಕೊಳ್ಳಬೇಕಿದ್ದ ಪ್ರಮಾಣವಷ್ಟೇ ಇದು. ಜ್ವರ ಬಂದರೆ ದುಪ್ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಗ್ರಾಂ ಇಂಜೆಕ್ಷನ್.

ಉತ್ತರ (ನ್ಯೂರೋಸರ್ಜನ್): ನೋಟ ಹೋಗುತ್ತಿದೆ, ಹಾಗಾಗಿ ವಾರಗಳೊಳಗೆ ಆಪರೇಷನ್. ತಲೆಬುರುಡೆ ತೆರೆಯುವುದಿಲ್ಲ, ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ ಹಾಕಿ, ಸ್ಫೀನಾಯ್ಡ್ ಸೈನಸ್ (ಮೂಗಿನ ಹಿಂದಿನ ಗಾಳಿಯ ಟೊಳ್ಳು) ದಾಟಿ, ಗೆಡ್ಡೆಯನ್ನು ಒಳಗಿನಿಂದ ಕೆರೆದು ತೆಗೆಯುತ್ತೇವೆ. ನಾಸ್ಪ್ 2 ಇದ್ದಾಗ ಬಹುಪಾಲು ತೆಗೆಯಬಹುದು. ಗ್ರೇಡ್ 4ರಲ್ಲಿ ಗೆಡ್ಡೆ ಕ್ಯಾರೋಟಿಡ್ ರಕ್ತನಾಳವನ್ನು ಪೂರ್ತಿ ಸುತ್ತಿರುತ್ತದೆ, ಅಲ್ಲಿ ಸ್ವಲ್ಪ ಬಿಡುವುದೇ ಜಾಣತನ.

ನಂತರ ಮೂರು ವಿಷಯದ ಮೇಲೆ ಕಣ್ಣಿಡಬೇಕು. ಮೊದಲ ಎರಡು ಮೂರು ದಿನ ಮೂತ್ರ ಗಂಟೆಗೆ 300 ಮಿಲೀ ದಾಟಿ ಎರಡು ಮೂರು ಗಂಟೆ ಮುಂದುವರಿದು, ಸೋಡಿಯಂ ಏರಿದರೆ ಡೆಸ್ಮೊಪ್ರೆಸಿನ್ (ಮೂತ್ರ ತಗ್ಗಿಸುವ ಔಷಧಿ) ಕೊಡುತ್ತೇವೆ, ಬೇಕಾದಾಗ ಒಂದೊಂದೇ ಡೋಸ್. ಇದನ್ನು ದಿನನಿತ್ಯದ ಮಾತ್ರೆಯಂತೆ ಬರೆದು ಕಳಿಸಿದರೆ ತಪ್ಪಾಗುತ್ತದೆ, ಏಕೆಂದರೆ ಕೆಲವರಿಗೆ 4ರಿಂದ 10ನೇ ದಿನದ ನಡುವೆ ಸೋಡಿಯಂ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆ ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ, ತಲೆನೋವು ವಾಕರಿಕೆಯನ್ನು ಆಪರೇಷನ್ ನೋವೆಂದು ಭಾವಿಸುತ್ತಾರೆ. 7ನೇ ದಿನ ಸೋಡಿಯಂ ತಪ್ಪದೆ ನೋಡಿಸಿ. ಮೂರನೆಯದು, ಮುಂದಕ್ಕೆ ಬಾಗಿದಾಗ ಮೂಗಿನಿಂದ ನೀರಿನಂತೆ ತೊಟ್ಟಿಕ್ಕಿ ಗಂಟಲಲ್ಲಿ ಉಪ್ಪುಪ್ಪೆನಿಸಿದರೆ ಮೆದುಳಿನ ದ್ರವ ಸೋರುತ್ತಿರಬಹುದು, ಕೂಡಲೇ ಬನ್ನಿ. ಹಲವು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಬಯಾಪ್ಸಿಯಲ್ಲಿ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳನ್ನು (ಗೆಡ್ಡೆ ಯಾವ ಜಾತಿಯ ಕೋಶದ್ದೆಂದು ತಿಳಿಸುವ ಪ್ರೋಟೀನ್‌ಗಳು) ನೋಡಿಸಿ. ಇಂಥ ಗೆಡ್ಡೆಗಳಲ್ಲಿ ಹೆಚ್ಚಿನವು ಎಸ್‌ಎಫ್-1 ಗುಂಪಿನ ಗೊನಾಡೊಟ್ರೋಫ್ (ಎಲ್‌ಎಚ್, ಎಫ್‌ಎಸ್‌ಎಚ್ ಕೋಶಗಳ) ಜಾತಿ. ಟಿ-ಪಿಟ್ ಇರುವ ಮೌನ ಕಾರ್ಟಿಕೋಟ್ರೋಫ್ (ಎಸಿಟಿಎಚ್ ಕೋಶಗಳದ್ದು, ಆದರೆ ಹಾರ್ಮೋನ್ ಹೆಚ್ಚಿಸದ್ದು) ಬಂದರೆ ಮರುಕಳಿಸುವ ಸಾಧ್ಯತೆ ಹೆಚ್ಚು. ಮೂರನೇ ತಿಂಗಳ ಎಂಆರ್‌ಐ ಮುಂದಿನ ಹೋಲಿಕೆಗೆಲ್ಲ ಆಧಾರ. ಉಳಿದ ಚೂರು ಬೆಳೆದರೆ ರೇಡಿಯೇಷನ್: ಕಯಾಸ್ಮದಿಂದ ಕನಿಷ್ಠ 3 ಮಿಮೀ ಅಂತರವಿದ್ದರೆ ಗಾಮಾ ನೈಫ್ (ಗುರಿಯಿಟ್ಟು ಬಿಡುವ ವಿಕಿರಣ) ಒಂದೇ ಸಲ, ಅಂಟಿಕೊಂಡಿದ್ದರೆ ದಿನಕ್ಕೆ ಸ್ವಲ್ಪದಂತೆ ಐದಾರು ವಾರ.

ಅಷ್ಟರೊಳಗೆ ಸಿಡಿಲು ಬಡಿದಂಥ ತಲೆನೋವು, ವಾಂತಿ, ಎರಡೆರಡು ಕಾಣುವುದು, ರೆಪ್ಪೆ ಜೋತುಬೀಳುವುದು ಆದರೆ ಗೆಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು. ರಕ್ತ ತೆಳುವಾಗಿಸುವ ಮಾತ್ರೆಯವರಲ್ಲೂ, ಡೆಂಗೀಯಲ್ಲಿ ಪ್ಲೇಟ್‌ಲೆಟ್ ಇಳಿದವರಲ್ಲೂ ಹೀಗಾದ ಉದಾಹರಣೆಗಳಿವೆ. ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಿ, ಸ್ಕ್ಯಾನ್‌ಗೆ ಕಾಯದೆ ಹೈಡ್ರೊಕಾರ್ಟಿಸೋನ್ 100 ಮಿಗ್ರಾಂ ನರಕ್ಕೆ ಕೊಡಿಸಿ, ಆಮೇಲೆ ಆಂಬುಲೆನ್ಸ್‌ನಲ್ಲಿ ನ್ಯೂರೋಸರ್ಜರಿ ಇರುವ ಕಡೆ ಹೊರಡಿ. ಎಂಆರ್‌ಐ ಸಿಡಿ ಮತ್ತು ಈ ರಕ್ತಪರೀಕ್ಷೆಗಳ ರಿಪೋರ್ಟ್ ಒಂದೇ ಕವರಿನಲ್ಲಿ ಕೈಗೆ ಸಿಗುವಂತಿರಲಿ.